ಕಾಗೆಕಾಲು ಅಕ್ಷರಕ್ಕೆ ಪಟ್ಟಾಭಿಷೇಕ

ಮಾರ್ಚ್ ಒಂಬತ್ತನೆಯ ತಾರೀಖು, ಹಾಡಹಗಲಿನಲ್ಲಿ, ಸ್ವಂತ ಮನೆಯ ಊಟದ ಮೇಜಿನ ಮೇಲೆ, ಒಂದು ಟ್ಯಾಬ್ಲೆಟ್ಟು ನಿವೃತ್ತ ಹೆಡ್ ಕ್ಲರ್ಕರ ಮಾನ ಕಳೆಯಿತು. (ನುಂಗುವ ಟ್ಯಾಬ್ಲೆಟ್ಟಲ್ಲ, ನುಂಗಲಾರದ್ದು.) ಅದರ ಗಾಜಿನ ಮೇಲೆ ಪೆನ್ನಿನಂಥ ಕಡ್ಡಿಯಿಂದ ಬರೆದರೆ ಕೈಬರಹವೆಲ್ಲ ಅಚ್ಚಿನ ಅಕ್ಷರವಾಗುತ್ತದೆ. ಹಿರಿಯರ ಸಂಘದ ಕಾರ್ಯದರ್ಶಿಯಾದ ಅವರ ಹೆಂಡತಿ, ಸ್ಮರಣ ಸಂಚಿಕೆಗಾಗಿ ಸದಸ್ಯರಿಂದ ನಾಲ್ಕು ಮಾತು ಬರೆಸಿಕೊಳ್ಳಲು ಅದನ್ನು ತಂದಿದ್ದರು.

ಹೆಡ್ ಕ್ಲರ್ಕರ ಅಕ್ಷರವೆಂದರೆ ಮುತ್ತು ಪೋಣಿಸಿದಂತೆ. ತಲೆಕಟ್ಟಿಗೊಂದು ಬಳುಕು, ಕೊಂಬಿಗೊಂದು ಬಾಲ, ಒತ್ತಿಗೊಂದು ಸುರುಳಿ. ಅವರು ಕೈ ತೊಳೆದು ಬಂದು, ಕುರ್ಚಿ ಸರಿಪಡಿಸಿಕೊಂಡು ಬರೆದರು: "ನನ್ನ ಸಹಧರ್ಮಿಣಿ ನನ್ನ ಬಾಳಿನ ಬೆಳಕು."

ಯಂತ್ರ ಓದಿತು: "ನನ್ನ ಸಹ ಕರ್ಮ! ನನ್ನ ಬಾಳಿನ ಅಳುಕು."

"ಅಂತೂ ಮನಸ್ಸಲ್ಲಿ ಇದ್ದದ್ದು ಹೊರಗೆ ಬಂತು ಬಿಡಿ," ಎಂದರು ಹೆಂಡತಿ.

"ಅದು ನನ್ನ ಮಾತಲ್ಲ ಕಣೇ, ಯಂತ್ರದ್ದು!"

"ಯಂತ್ರಕ್ಕೆ ನಾನೇನು ಮಾಡಿದ್ದೆ ರೀ?"

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಡಾಕ್ಟರು ಬಂದರು. ಇವರ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಇವರ ಚೀಟಿ ಹಿಡಿದ ಔಷಧಿ ಅಂಗಡಿಯವರು ರೋಗಿಯನ್ನೇ "ನಿಮಗೇನಾಗಿದೆ?" ಎಂದು ಕೇಳುತ್ತಿದ್ದರು. ಡಾಕ್ಟರು ನಿಂತಲ್ಲೇ ಏನೋ ಗೀಚಿದರು. ಯಂತ್ರ ತಡವರಿಸದೆ ಅಚ್ಚು ಮಾಡಿತು: "ನಮ್ಮ ಕಾರ್ಯದರ್ಶಿಯವರ ನಗು ಕಂಡರೆ ಅರ್ಧ ಕಾಯಿಲೆ ವಾಸಿ."

"ಅಯ್ಯೋ, ಹೋಗಿ ಡಾಕ್ಟ್ರೇ!" ಎಂದು ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಉಳಿದರ್ಧ ಕಾಯಿಲೆಯೆಲ್ಲ ಹೆಡ್ ಕ್ಲರ್ಕರ ಹೊಟ್ಟೆಗೆ ಬಂದು ಉರಿಯತೊಡಗಿತು.

ಮರುದಿನದಿಂದ ಅವರು ಹಿತ್ತಿಲಲ್ಲಿ ಕುಳಿತು ಅಕ್ಷರ ಕೆಡಿಸಿಕೊಳ್ಳುವ ಘೋರ ತಪಸ್ಸನ್ನಾರಂಭಿಸಿದರು. ಒತ್ತು ಜಾರಿಸಿದರು, ಕೊಂಬು ಮುರಿದರು, ಸುರುಳಿಗಳಿಗೆ ಕಣ್ಣೀರಿನ ವಿದಾಯ ಹೇಳಿದರು. ಕಾಗೆಯ ಕಾಲು ಕೈಗೆ ಹತ್ತಿದ ಮೇಲೆ, ಹೆಂಡತಿ ತರಕಾರಿಗೆ ಹೋದ ಹೊತ್ತು ನೋಡಿ ಟ್ಯಾಬ್ಲೆಟ್ಟಿನ ಮೇಲೆ ಗೀಚಿದರು: "ನೀನು ಮನೆಯಲ್ಲಿಲ್ಲದಿದ್ದರೆ ಗಡಿಯಾರದ ಸದ್ದೂ ಬೈದಂತೆ ಕೇಳಿಸುತ್ತದೆ. ಬೇಗ ಬಾ." ಒಂದಕ್ಷರವೂ ತಪ್ಪಲಿಲ್ಲ!

ಹೆಂಡತಿ ಬಂದು ಓದಿದರು. ಚೀಲ ಕೆಳಗಿಟ್ಟು ಮತ್ತೊಮ್ಮೆ ಓದಿದರು. ಕಣ್ಣು ಒರೆಸಿಕೊಂಡರು.

"ರೀ, ಡಾಕ್ಟ್ರು ಯಾವಾಗ ಬಂದಿದ್ರು? ಪಾಪ, ತೀರಿಹೋದ ಹೆಂಡ್ತೀನ ನೆನೆಸ್ಕೊಂಡು ಬರೆದಿದ್ದಾರೆ."

"ಬರೆದವನು ನಾನು!"

"ನೀವಾ?" ಹೆಂಡತಿ ಒಂದು ಗುಂಡಿ ಒತ್ತಿ ಮೂಲ ಕೈಬರಹ ತೆರೆದರು. "ಇದು ನಿಮ್ಮ ಅಕ್ಷರಾನಾ? ನಿಮ್ಮ ಮೇಲೆ ಆಣೆ ಇಟ್ಟು ನಾನೇ ಹೇಳ್ತೀನಿ, ಅಲ್ಲ."

ಬೇಲಿಯಾಚೆಯ ಡಾಕ್ಟರಿಗೂ ತೋರಿಸಲಾಯಿತು. ಅವರು ಕನ್ನಡಕ ಏರಿಸಿ ದಿಟ್ಟಿಸಿದರು. "ಏನು ಬರೆದಿದೆ ಅಂತ ನನಗೆ ಗೊತ್ತಾಗ್ತಿಲ್ಲ ತಾಯಿ. ಅಂದ ಮೇಲೆ ನಾನೇ ಬರೆದಿರಬೇಕು."

"ಎಷ್ಟು ಚೆನ್ನಾಗಿ ಬರೆದಿದ್ದೀರಿ ಡಾಕ್ಟ್ರೇ," ಎಂದರು ಹೆಂಡತಿ, ಮದುವೆಯಾದ ಹೊಸದರಲ್ಲಿ ಮಾತ್ರ ಕೇಳಿಸಿದ್ದ ಧ್ವನಿಯಲ್ಲಿ.

ಸ್ಮರಣ ಸಂಚಿಕೆ ಹೊರಬಂದಿದೆ. ಆ ಸಾಲುಗಳ ಕೆಳಗೆ ಡಾಕ್ಟರ ಹೆಸರಿದೆ. ಆದ್ದರಿಂದ ಸಂಘದ ಕಾರ್ಯದರ್ಶಿಯವರಲ್ಲಿ (ಅಡುಗೆಮನೆಯಲ್ಲೇ ಇದ್ದಾರೆ) ಹೆಡ್ ಕ್ಲರ್ಕರ ಲಿಖಿತ ಆಗ್ರಹವೇನೆಂದರೆ: ತಿದ್ದುಪಡಿ ಅಚ್ಚಾಗದಿದ್ದರೂ ಚಿಂತೆಯಿಲ್ಲ, ಬೇಲಿಯ ಬಳಿ ಆಡಿದ ಆ ಒಂದು ಮಾತನ್ನು, "ಡಾಕ್ಟ್ರೇ" ಎಂಬುದನ್ನು ಬಿಟ್ಟು, ಅದೇ ಧ್ವನಿಯಲ್ಲಿ, ಮನೆಯೊಳಗೆ ಇನ್ನೊಮ್ಮೆ ಆಡತಕ್ಕದ್ದು.