ಕಾಯ್ದೆ ಕಡೆಯ ಚಿಗವ್ವ

ನಮ್ಮ ಚಿಗವ್ವ ವಿಚ್ಛೇದನ ತಜ್ಞೆ! ಗಾಬರಿಯಾಗಬೇಡಿ, ಮಲ್ಕಾಜ್‌ಗಿರಿಯಲ್ಲಿ ಆಕೆಯದೂ ಕಾಕಾನದೂ ಗಟ್ಟಿ ಸಂಸಾರ. ಬೆಳಗಿನ ಚಹಾದ ಹೊತ್ತಿಗೇ ಜಗಳ ಶುರುವಾಗುವಷ್ಟು ಗಟ್ಟಿ. ಆದರೆ ಕಳೆದ ಒಂದು ವರ್ಷದಿಂದ, ಬೇರೆಯಾಗುವ ಗಂಡಹೆಂಡಿರ ಆಸ್ತಿ ಹೇಗೆ ಪಾಲಾಗುತ್ತದೆ ಎಂಬುದೊಂದೇ ಆಕೆಯ ಧ್ಯಾನ. ರೊಟ್ಟಿ ಬಡಿಯುವಾಗ ಬೇರೆಯವರು ಹಾಡು ಕೇಳಿದರೆ ಈಕೆ ಯೂಟ್ಯೂಬಿನ ವಕೀಲರನ್ನು ಕೇಳುತ್ತಾಳೆ. ಯಾವ ಭಾಷೆಯ ವಕೀಲರು ಅನ್ನುತ್ತೀರಾ? ತೆಲುಗು, ಹಿಂದಿ, ಕನ್ನಡ, ಯಾರಾದರೂ ಸೈ!

ಮೆಹದಿಪಟ್ಟಣಂನಲ್ಲಿ ನಮ್ಮ ಬಳಗದ ಒಂದು ಮದುವೆ. ಎಲ್ಲರೂ ಅಕ್ಷತೆ ಹಾಕಿ ಹರಸಿದರೆ ಚಿಗವ್ವ ಮದುಮಗಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಹುಡುಗಿ ಕಕ್ಕಾಬಿಕ್ಕಿ. ನಾನು ಚಿಗವ್ವನನ್ನು ಪಕ್ಕಕ್ಕೆ ಎಳೆದೆ.

"ಏನಂದಿ ಚಿಗವ್ವಾ ಆಕಿಗೆ?"

"ಬಂಗಾರದ ರಸೀದಿ ಜ್ವಾಪಾನ ಇಟ್ಕೊ ಅಂದೆ. ಅದು ಸ್ತ್ರೀಧನ, ಗಂಡಗ ಅದರ ಮ್ಯಾಲೆ ಹಕ್ಕಿಲ್ಲ. ಸುಪ್ರೀಂ ಕೋರ್ಟೇ ಹೇಳೇತಿ."

"ತಾಳಿ ಕಟ್ಟಿ ಇನ್ನೂ ಅರ್ಧ ತಾಸಾಗಿಲ್ಲ!"

"ಅದಕ್ಕ ಈಗ ಹೇಳಿದೆ. ಆಮ್ಯಾಲೆ ರಸೀದಿ ಸಿಗೂದಿಲ್ಲ."

ರೈಲ್ವೆಯಿಂದ ನಿವೃತ್ತನಾಗಿ ನೆಮ್ಮದಿಯಿಂದಿದ್ದ ಕಾಕಾನನ್ನೂ ಆಕೆ ಬಿಡಲಿಲ್ಲ. ಜೀವನಾಂಶದ ಕೇಸುಗಳಲ್ಲಿ ಈಗ ಇಬ್ಬರೂ ತಮ್ಮ ಆಸ್ತಿ, ಸಾಲಗಳನ್ನೆಲ್ಲ ಪ್ರಮಾಣ ಮಾಡಿ ತಿಳಿಸಬೇಕಂತೆ. ಸರಿ, ಅಭ್ಯಾಸಕ್ಕೆಂದು ಕಾಕಾನ ವಿಚಾರಣೆಯೇ ನಡೆಯಿತು.

"ಖರೇ ಹೇಳ್ರಿ, ನಿಮ್ಮ ಆಸ್ತಿ ಏನೈತಿ?"

"ನೀನ," ಅಂದ ಕಾಕಾ, ಪೇಪರಿನಿಂದ ತಲೆಯೆತ್ತದೆ.

ಚಿಗವ್ವನ ಮುಖ ಅರಳಿತು. "ಮತ್ತ ಸಾಲ?"

"ಅದೂ ನೀನ!"

ಅಂದು ಮಧ್ಯಾಹ್ನ ಕಾಕಾನ ತಟ್ಟೆಗೆ ಬಿದ್ದದ್ದು ನಿನ್ನೆಯ ರೊಟ್ಟಿ.

ಇಷ್ಟರಲ್ಲಿ ಕೊಂಡಾಪುರದಲ್ಲಿದ್ದ ಚಿಗವ್ವನ ಒಬ್ಬನೇ ಮಗ ಮತ್ತು ಅವನ ಮೈಸೂರಿನ ಹೆಂಡತಿ, ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುತ್ತೇವೆ ಎಂದರು. ಅವರ ನಡುವೆ ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ. ಮಕ್ಕಳಾಗಿರಲಿಲ್ಲ. ಮನೆಯವರೆಲ್ಲ ತಲೆ ಮೇಲೆ ಕೈಹೊತ್ತು ಕೂತರೆ, ಚಿಗವ್ವ ಮಾತ್ರ ಇಳಕಲ್ ಸೀರೆ ಉಟ್ಟು ವಕೀಲರ ಕಚೇರಿಗೆ ಹೊರಟೇಬಿಟ್ಟಳು! ಜೊತೆಗೆ ನಾನು.

ವಕೀಲರು ರಾಯಚೂರಿನ ಹೆಣ್ಣುಮಗಳು. ಮಗ, ಸೊಸೆ ಆಗಲೇ ಅಲ್ಲಿದ್ದರು; ಪಾಲಿನ ಮಾತನ್ನೂ ಮುಗಿಸಿಕೊಂಡೇ ಬಂದಿದ್ದರು. ಫ್ಲ್ಯಾಟ್ ಮಾರಿ ಸಾಲ ತೀರಿಸಿ, ಉಳಿದದ್ದು ಇಬ್ಬರಿಗೂ ಸಮ. ಕಾರು ಅವನಿಗೆ, ಒಡವೆಯೆಲ್ಲ ಅವಳಿಗೆ. "ಅಷ್ಟೇ," ಅಂದ ಮಗ.

"ಅಷ್ಟ ಹೆಂಗ? ಮ್ಯೂಚುವಲ್ ಫಂಡ್ ಎಲ್ಲಿ ಹೋತೋ?" ಅಂದಳು ಚಿಗವ್ವ.

ಮಗ ಕೆಂಪಾದ. "ಅವ್ವಾ, ನೀ ಯಾರ ಕಡಿ?"

"ನಾ ಕಾಯ್ದೆ ಕಡಿ."

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಫಂಡೂ ಪಾಲಾಯಿತು. ಎಂಥ ಹೆಂಗಸಪ್ಪಾ, ಮಗನ ಸಂಸಾರ ಮುರಿಯುತ್ತಿದ್ದರೂ ಈಕೆಗೆ ಲೆಕ್ಕದ್ದೇ ಹುಚ್ಚು ಎಂದುಕೊಂಡೆ.

"ಇನ್ನೇನಾದರೂ ಉಳಿದದ ಏನ್ರಿ?" ವಕೀಲರು ಕೇಳಿದರು.

"ಒಂದು ಐತ್ರಿ," ಎಂದಳು ಚಿಗವ್ವ. ದನಿ ಸಣ್ಣಗಾಗಿತ್ತು. "ಮಕ್ಕಳಿದ್ರ ತಂದಿ ತಾಯಿಗೆ ಭೇಟಿ ಹಕ್ಕು ಅಂತ ಇರತೈತಲ್ರಿ. ಹಂಗ ಅತ್ತಿಯಾದಾಕಿಗೆ ಸೊಸೀನ ನೋಡಾಕ ಏನರ ಹಕ್ಕು ಐತೇನ್ರಿ?"

ವಕೀಲರು ಪೆನ್ನು ಕೆಳಗಿಟ್ಟರು. "ಇಲ್ರಿ ಅಮ್ಮಾ. ಕಾಯ್ದೆದಾಗ ಹಂಗೇನೂ ಇಲ್ಲ."

"ನಂಗೂ ಸಿಗಲಿಲ್ರಿ. ಇವರಿಬ್ಬರ ಮಾತು ನಿಂತಾಗಿಂದ ಅದೊಂದನ್ನ ಹುಡುಕಾಕತ್ತೀನಿ," ಎಂದವಳೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.

ಸೊಸೆ ಎದ್ದು ಬಂದು ಆಕೆಯ ಕಾಲ ಬಳಿ ನೆಲದ ಮೇಲೇ ಕೂತಳು. ಅವಳ ಕಣ್ಣೂ ತುಂಬಿತ್ತು.

"ಅತ್ತೆ, ಈ ಭಾನುವಾರ ಊಟಕ್ಕೆ ಬರ್ತೀನಿ. ಒಳಗೆ ಬಿಟ್ಟುಕೊಳ್ಳಲಿಲ್ಲ ಅಂದ್ರೆ ನಿಮ್ಮ ಮೇಲೆ ಕೇಸ್ ಹಾಕ್ತೀನಿ, ನೋಡಿ!"