ಅತ್ತೆಯವರ ಹೀಟರೂ ಆಗ್ನೇಯದ ಸ್ವಿಚ್ಚೂ

ಕರೆಂಟಿನ ಯಾವ ಕೆಲಸವೂ ನಮ್ಮ ಬಾಣಸವಾಡಿ ಮನೆಯಲ್ಲಿ ಇದುವರೆಗೆ ನೆಟ್ಟಗೆ ಮುಗಿದದ್ದಿಲ್ಲ. ರಿಟೈರಾದ ಮೇಲೆ ಅದನ್ನೆಲ್ಲ ಕಣ್ತುಂಬ ನೋಡುವ ಭಾಗ್ಯ ನನ್ನದು. ಈ ಸಲ ಧನುರ್ಮಾಸದ ಚಳಿಗೆ ಅತ್ತೆಯವರ ಮೊಣಕಾಲುಗಳು ಹಿಡಿದುಕೊಂಡವು. ಅವರ ಕೋಣೆಯ ಗೋಡೆಗೆ ಹೀಟರ್ ಕೂರಿಸಲೇಬೇಕಾಯಿತು.

೧. ಕಡ್ಡಿ

ಶಿವಾಜಿನಗರದಿಂದ ಬಂದ ಎಲೆಕ್ಟ್ರಿಷಿಯನ್ ಹೀಟರನ್ನು ಗೋಡೆಗೆ ಬಿಗಿದ. ವೈರಿನ ತುದಿ ಸುಲಿದು ಪಕ್ಕದ ಸಾಕೆಟ್ಟಿಗೆ ತೂರಿಸಿ, "ಸಾರ್, ಎರಡು ಬೆಂಕಿಕಡ್ಡಿ ಕೊಡಿ" ಅಂದ.

"ಯಾಕಪ್ಪಾ?"

"ವೈರ್ ಅಲ್ಲಾಡ್ಬಾರ್ದಲ್ಲ ಸಾರ್, ಸಿಗಿಸ್ತೀನಿ."

ತಲೆ ಚಚ್ಚಿಕೊಂಡೆ. "ಎರಡು ಸಾವಿರ ವಾಟ್ ಕಣಯ್ಯಾ! ಮೇನ್ ಬೋರ್ಡಿಂದ ಬೇರೆ ಲೈನ್ ಎಳಿ, ಅರ್ತ್ ಕೊಡು, ಎರಡೂ ವೈರನ್ನ ಒಟ್ಟಿಗೆ ಕಡಿಯೋ ಸ್ವಿಚ್ ಹಾಕು" ಎಂದು ಗಂಟಲು ಒಣಗುವ ತನಕ ಪಾಠ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವನೆಂದ: "ಸರಿ ಸಾರ್. ಅಲ್ಲೀವರ್ಗೂ ಕಡ್ಡೀಲೇ ಓಡ್ಸೋಣ್ವಾ?"

೨. ಮೂಲೆ

ಅಂತೂ ಬೇರೆ ಲೈನ್ ಬಂತು. ಸ್ವಿಚ್ಚಿಗೆ ಹೀಟರಿನ ಪಕ್ಕದಲ್ಲೇ ಜಾಗ ತೋರಿಸಿದೆ. ಅತ್ತೆಯವರು ಅಡ್ಡ ಬಂದರು.

"ಅಳಿಯಂದ್ರೇ, ಬೆಂಕಿ ಅಂದ್ರೆ ಆಗ್ನೇಯ. ಹೀಟರ್ ಇಲ್ಲೇ ಇರ್ಲಿ, ಬೇಡ ಅನ್ನಲ್ಲ. ಸ್ವಿಚ್ ಮಾತ್ರ ಅಡುಗೆಮನೇಲಿ."

"ಹೀಟರ್ ರಿಪೇರಿ ಮಾಡೋನಿಗೆ ಸ್ವಿಚ್ ಕಣ್ಣೆದುರು ಇರ್ಬೇಕು ಅತ್ತೇ!"

"ಅಡುಗೆಮನೇಲಿ ನಾನಿರ್ತೀನಲ್ಲ, ನೋಡ್ಕೋತೀನಿ."

ನನ್ನವಳು ಅಮ್ಮನ ಕಡೆಗೇ ನಿಂತಳು. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಈಗ ಅತ್ತೆಯವರು ಬೆಳಿಗ್ಗೆ ಕಾಲು ಕಾಯಿಸಬೇಕಾದರೆ ಹಾಸಿಗೆ ಬಿಟ್ಟೆದ್ದು, ಮಂಜಿನಂಥ ನೆಲದ ಮೇಲೆ ಕುಂಟುತ್ತ ಹಾಲ್ ದಾಟಿ ಹೋಗಿಬರಬೇಕು. ವಾಪಸು ಬರುವಷ್ಟರಲ್ಲಿ ಬಿಸಿಲೇ ಬಂದಿರುತ್ತದೆ.

೩. ಕರುಣೆ

ಕೆಲವೇ ದಿನಕ್ಕೆ ಹೀಟರ್ ಕಾಯುವುದನ್ನು ನಿಲ್ಲಿಸಿತು. ಮತ್ತೆ ಅದೇ ಎಲೆಕ್ಟ್ರಿಷಿಯನ್. ಆಳು ಉಳಿಯಲಿ ಎಂದು ಎಲ್ಲ ನಾನೇ ಮಾಡಿದೆ: ಅಡುಗೆಮನೆಯ ಸ್ವಿಚ್ ಆರಿಸಿದೆ, ಮೇನ್ ಬೋರ್ಡಿನಲ್ಲಿ ಆ ಲೈನಿನ ಸ್ವಿಚ್ಚನ್ನೂ ಇಳಿಸಿ, ಯಾರೂ ಎತ್ತದಂತೆ ಟೇಪ್ ಸುತ್ತಿದೆ, ಹೀಟರಿನಲ್ಲಿ ಟೆಸ್ಟರ್ ಇಟ್ಟು ಕರೆಂಟಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಅವನು ಒಳಗೆ ಕೈ ಹಾಕಿದ.

ಅಡುಗೆಮನೆಯಿಂದ 'ಟಪ್' ಎಂದಿತು.

ಅವನು ಒಂದೇ ನೆಗೆತಕ್ಕೆ ಅತ್ತೆಯವರ ಮಂಚದ ಮೇಲಿದ್ದ. ನಾನು ಓಡಿದೆ. ಅತ್ತೆಯವರು ಸ್ವಿಚ್ಚಿನ ಮೇಲೆ ಬೆರಳಿಟ್ಟು ಮುಗುಳ್ನಗುತ್ತಿದ್ದರು.

"ಅತ್ತೇ! ಅವನು ಅದರೊಳಗೆ ಕೈ ಹಾಕಿದಾನೆ!"

"ಅದಕ್ಕೇ ಹಾಕ್ದೆ ಅಳಿಯಂದ್ರೇ. ಪಾಪ, ಈ ಚಳೀಲಿ ಕೂತು ಕೆಲಸ ಮಾಡ್ತಿದಾನೆ, ಕೈ ಸ್ವಲ್ಪ ಬೆಚ್ಚಗಾಗ್ಲಿ ಅಂತ."

ಮಂಚದ ಮೇಲಿಂದ ಕೂಗು ಬಂತು: "ಬೇಡಮ್ಮಾ! ಆಗ್ಲೇ ಬೆವರ್ತಿದೀನಿ!"