ಕ್ಯಾಮೆರಾ ಮುಂದಿನ ಕುರ್ಚಿ

ಅಷ್ಟಕ್ಕೂ ಆ ದಿನದ ರಾಮಾಯಣವೆಲ್ಲ ಶುರುವಾದದ್ದು ಒಂದು ದೀಪದಿಂದ. ಚಳ್ಳಕೆರೆಯ ಶೇಂಗಾ ಮಿಲ್ಲಿನ ಸಾಹುಕಾರ ತಿಪ್ಪೇರುದ್ರಪ್ಪನವರು ಬೆಳಿಗ್ಗೆ ಹೊಸ ಯಂತ್ರದೊಳಗೆ ಇಣುಕಿ, ಎರಡೆರಡು ಲೈಟು ಯಾತಕ್ಕೆ ದಂಡಕ್ಕೆ ಎಂದು ಒಂದನ್ನು ಆರಿಸಿ ತಿಂಡಿಗೆ ಹೋದರು. ಯಾರಿಗೂ ಹೇಳಲಿಲ್ಲ.

ಯಂತ್ರದ ಕೆಲಸ ಸರಳ. ಬೀಜ ಮೇಲಿನಿಂದ ಜಾರಿ ಬೀಳುವಾಗ ಕ್ಯಾಮೆರಾ ನೋಡುತ್ತದೆ. ಕಪ್ಪು ಬೀಜ ಕಂಡರೆ ಗಾಳಿ ಊದಿ ಪಕ್ಕದ ಚೀಲಕ್ಕೆ ಹಾರಿಸುತ್ತದೆ. ಆರು ವರ್ಷ ಮೂಟೆ ಹೊತ್ತು ಸೊಂಟ ಹಿಡಿದುಕೊಂಡಿದ್ದ ರಾಜಣ್ಣನಿಗೆ ಮೂರು ದಿನ ತರಬೇತಿ ಕೊಡಿಸಿ ಅದರ ಮುಂದೆ ಕುರ್ಚಿ ಹಾಕಿದ್ದರು. "ಇವತ್ತು ನಾಕು ಗಂಟೆಗೆ ರಾಯದುರ್ಗದ ವ್ಯಾಪಾರಿ ಬರ್ತಾನೆ. ಮಾಲು ಪಾಸಾದ್ರೆ ನೀನು ಆಪರೇಟರ್ರು. ಇಲ್ಲಾಂದ್ರೆ ಮೂಟೆ ಐತೆ" ಎಂದಿದ್ದರು ಸಾಹುಕಾರರು. ರಾಜಣ್ಣ ಆಗಲೇ ಊರಿಗೆ ಫೋನು ಮಾಡಿ ಅವ್ವನಿಗೆ ಹೇಳಿಬಿಟ್ಟಿದ್ದ.

ಯಂತ್ರ ಚಾಲೂ ಮಾಡಿದ. ಪರದೆಯ ಮೇಲೆ ಬರೀ ಅಮಾವಾಸ್ಯೆ. ಎಲ್ಲವೂ ಕಪ್ಪೆಂದು ತಿಳಿದ ಯಂತ್ರ ಒಳ್ಳೆಯ ಮಾಲನ್ನೆಲ್ಲ ಪಕ್ಕಕ್ಕೆ ಊದತೊಡಗಿತು.

ವಾಚ್‌ಮನ್ ದಾಸಣ್ಣ ಓಡಿ ಬಂದ. ಒಂದು ಕಾಲದಲ್ಲಿ ಮದುವೆ ಫೋಟೊ ತೆಗೆದವನು; ಸುಮ್ಮನಿರುತ್ತಾನೆಯೇ? "ಎಕ್ಸ್‌ಪೋಷರ್ ಜಾಸ್ತಿ ಮಾಡ್ಲೇ. ಅದರ ಕಣ್ಣು ಇನ್ನೊಂಚೂರು ಹೊತ್ತು ತೆರೆದಿರ್ಲಿ."

ರಾಜಣ್ಣ ಜಾಸ್ತಿ ಮಾಡಿದ. ಬೆಳಕೇನೋ ಬಂತು. ಆದರೆ ಕ್ಯಾಮೆರಾ ಕಣ್ಣು ಮುಚ್ಚುವಷ್ಟರಲ್ಲಿ ಬೀಜ ಗೇಣುದ್ದ ಜಾರಿರುತ್ತಿತ್ತು. ಪರದೆಯ ಮೇಲೆ ಬೀಜದ ಬದಲು ಶಾವಿಗೆ. ಶಾವಿಗೆಯಲ್ಲಿ ಕಪ್ಪು ಯಾವುದು, ಕೆಂಪು ಯಾವುದು? ಯಂತ್ರ ಕಲ್ಲುಮಣ್ಣನ್ನೂ ಪಾಸು ಮಾಡಿತು.

"ಹಂಗಾರೆ ಅದನ್ನ ಇಳ್ಸಿ ಗೇನ್ ಏರ್ಸು" ಎಂದ ದಾಸಣ್ಣ, ಸೋಲೊಪ್ಪದೆ.

ಗೇನ್ ಎಂದರೆ ರೇಡಿಯೊದ ವಾಲ್ಯೂಮು ಇದ್ದಂತೆ. ಸಣ್ಣ ದನಿ ದೊಡ್ಡದಾಗುತ್ತದೆ, ಜೊತೆಗೆ ಗರಗರವೂ. ಏರಿಸಿದ್ದೇ ತಡ, ಪರದೆ ತುಂಬ ಸಾಸಿವೆ ಎರಚಿದ ಹಾಗೆ ಚುಕ್ಕೆ. ಬೀಜಕ್ಕೆಲ್ಲ ಹುಳುಕು ಹತ್ತಿದೆಯೆಂದು ಯಂತ್ರ ಮತ್ತೆ ಊದಿತು. ಚೀಲ ತುಂಬಿ ಹೊರಚೆಲ್ಲಿದ ಬೀಜ ಆಗಷ್ಟೇ ಒಳಬಂದ ಸಾಹುಕಾರರ ಹಣೆಗೆ ಬಡಿಯಿತು.

"ಏನ್ಲೇ ಇದು?"

"ಸೆಟ್ಟಿಂಗ್ ಮಾಡ್ತಿದೀನಿ ಸಾವ್ಕಾರ್ರೆ."

"ನಾಕು ಗಂಟೆ ಆಗ್ಲಿ, ನಿಂಗೆ ನಾನು ಮಾಡ್ತೀನಿ."

ಏರಿಸಿ ಇಳಿಸಿ ಗಂಟೆ ಮೂರಾಯಿತು. ಮೂಟೆ ನೆನೆದೇ ರಾಜಣ್ಣನ ಸೊಂಟ ಆಗಲೇ ನೋಯತೊಡಗಿತ್ತು. ಮೂವತ್ತು ವರ್ಷದಿಂದ ಬಾಗಿಲ ಬಳಿ ಕೂತು ಕೈಯಲ್ಲಿ ಬೀಜ ಆರಿಸುವ ನಾಗಕ್ಕ ನೋಡಲಾರದೆ ಮೊರ ಕೆಳಗಿಟ್ಟು ಎದ್ದು ಬಂದಳು. ಯಂತ್ರದೊಳಗೆ ಇಣುಕಿದಳು.

"ಅಲ್ಲ ಕಣಪ್ಪಾ, ನಾನು ಬಿಸ್ಲು ಬೀಳೋ ಕಡೀಗೇ ಯಾಕೆ ಕುಂತಿರ್ತೀನಿ? ಕತ್ಲಾಗೆ ಯಾರ ಕಣ್ಣಿಗೆ ಏನ್ ಕಾಣ್ತೈತೆ? ಆ ಕಡೆ ಲೈಟು ಆರೈತೆ, ಹಾಕು ಅದನ್ನ."

ಹಾಕಿದ. ಗೇನ್ ಇಳಿಸಿದ. ಎಕ್ಸ್‌ಪೋಷರನ್ನು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತಿಗೆ ತಂದ. ಆಹಾ, ಒಂದೊಂದು ಬೀಜವೂ ಎಣಿಸಬಹುದು! ಬೆಳಗಿನಿಂದ ಕಲಬೆರಕೆಯಾದ ಮಾಲನ್ನೆಲ್ಲ ಮತ್ತೆ ಸುರಿದ. ಕಪ್ಪು ಬೀಜ ಮಾತ್ರ ಪುಸಕ್ಕೆಂದು ಹಾರಿ ಹೋಗುತ್ತಿತ್ತು. ರಾಜಣ್ಣನಿಗೆ ಕುಣಿಯುವಷ್ಟು ಖುಷಿ. ಇನ್ನು ಯಾರೂ ಕೈಯಾಡಿಸದಂತೆ ಪಾಸ್‌ವರ್ಡ್ ಹಾಕಿದ, ಲೈಟಿನ ಸ್ವಿಚ್ಚಿಗೆ ಟೇಪು ಸುತ್ತಿದ.

ನಾಲ್ಕಕ್ಕೆ ಬಂದ ವ್ಯಾಪಾರಿ ಹಿಡಿ ಬೀಜ ತೆಗೆದು ಬಿಸಿಲಿಗೆ ಹಿಡಿದ, ನಾಲ್ಕು ಅಗಿದ. "ಬಾಗುಂದಿ" ಎಂದು ತೆಲುಗಿನಲ್ಲೇ ಮೆಚ್ಚಿದ. "ಚೆನ್ನಾಗೈತೆ ರೀ. ಒಂದೂ ಕಪ್ಪಿಲ್ಲ. ಲೋಡ್ ಮಾಡ್ಸಿ."

ಸಾಹುಕಾರರು ರಾಜಣ್ಣನ ಕಡೆ ತಿರುಗಿದರು. "ನಾಳೆ ಮತ್ತೆ ಕೆಡ್ತೈತೇನ್ಲೇ?"

ರಾಜಣ್ಣ ಎದೆಯುಬ್ಬಿಸಿದ. "ಕೆಡೋ ಮಾತೇ ಇಲ್ಲ ಸಾವ್ಕಾರ್ರೆ. ಬೆಳಿಗ್ಗೆ ಸ್ವಿಚ್ ಒತ್ತಿದ್ರೆ ತಾನಾಗೇ ನಡೀತೈತೆ. ಯಾರೂ ನೋಡ್ಬೇಕಾಗಿಲ್ಲ."

"ಯಾರೂ?"

"ಯಾರೂ."

"ಭಲೇ" ಎಂದು ಸಾಹುಕಾರರು ಅವನ ಬೆನ್ನು ತಟ್ಟಿದರು. "ಸ್ವಿಚ್ಚು ನಾನೇ ಒತ್ತುತೀನಿ ಬಿಡು. ನೋಡೋದೇ ಬೇಡ ಅಂದ್ಮೇಲೆ ಕುಂತ್ಕಂಡು ಏನ್ ಮಾಡ್ತೀಯ? ಲಾರಿ ನಿಂತೈತೆ, ಮೂಟೆ ಏರ್ಸು ನಡಿ."

ರಾಜಣ್ಣ ಕುರ್ಚಿ ಬಿಟ್ಟು ಲಾರಿಯತ್ತ ನಡೆದ. ನಾಗಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು ನಕ್ಕು ಸುಸ್ತಾಗಿ, ಮೊದಲ ಮೂಟೆಯನ್ನು ಅವನ ಬೆನ್ನಿಗೆ ಏರಿಸಲು ಕೈಕೊಟ್ಟಳು.

"ಅಷ್ಟು ಚೆನ್ನಾಗಿ ಯಾರಾದ್ರೂ ಮಾಡ್ತಾರೇನೋ ಹುಚ್ಚಪ್ಪಾ? ನಾನು ಮೂವತ್ತು ವರ್ಷದಿಂದ ದಿನಾ ಸಂಜೆ ನಾಳೆಗೆ ಅಂತ ಒಂದು ಹಿಡಿ ಕಪ್ಪು ಬೀಜ ಉಳಿಸೇ ಮನೆಗೆ ಹೋಗ್ತೀನಿ."